ಅಂಗಿ ತೊಳೆದವಳ ಲೆಕ್ಕ

ನನಗೆ ಆಟ ಗೊತ್ತಿಲ್ಲ. ಕೆಸರು ಗೊತ್ತು.
ಗೋಲಿಯ ಕೆಸರು ಪಕ್ಕೆಯಲ್ಲಿ,
ಮುಂದೆ ಆಡುವವರದು ಚಡ್ಡಿಯ ಅಂಚಿನಲ್ಲಿ,
ಗೋಲು ಹೊಡೆದು ಜಾರಿದ ದಿನ ಎದೆಯ ತುಂಬ.
ತಿಹೊಮಿರನ ಎಂಟನೇ ನಂಬರಿನ ಅಂಗಿಗೆ ಮಾತ್ರ
ಹೇಳಿಕೊಳ್ಳುವಂಥ ಕಲೆಯಿಲ್ಲ, ಬರೀ ಉಪ್ಪು.
ಬೆನ್ನಿಂದ ಕಂಕುಳಿಗೆ, ಕಂಕುಳಿಂದ ಹೊಟ್ಟೆಗೆ
ಬೆಳ್ಳಗೆ ಒಣಗಿದ ಗೆರೆ,
ನೆರೆ ಇಳಿದ ಮೇಲೆ ತೀಸಾ ನದಿ
ದಂಡೆಯ ಮರಗಳಿಗೆ ಬಿಟ್ಟು ಹೋಗುವ ಗೆರೆಯ ಹಾಗೆ.

ನಡುವಿನವನು. ಅಷ್ಟೆ.
ಹಿಂದಿನವರಿಂದ ಇಸಿದುಕೊಂಡು ಮುಂದಿನವರಿಗೆ ಕೊಡುವವನು.
ಗೆದ್ದಾಗ ಊರು ಗೋಲು ಹೊಡೆದವನ ಹೆಸರು ಕೂಗುತ್ತಿತ್ತು,
ಸೋತಾಗ ಇವನದು.

"ಏನು ಮಾಡ್ತೀಯೋ ಅಲ್ಲಿ, ನಡು ಮೈದಾನದಲ್ಲಿ?"
"ಚೆಂಡು ಬರೋಕೆ ಮೊದಲು ಎರಡು ಸಲ ಹಿಂದೆ ನೋಡ್ತೀನಿ, ಅತ್ತೆ.
ಬಂದ ಮೇಲೆ ನೋಡಿದ್ರೆ ತಡ."
ಆ ಅಭ್ಯಾಸ ಎಲುಬಿಗಿಳಿದಿತ್ತು.
ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತರೂ
ಎಡ ಭುಜದ ಮೇಲೊಮ್ಮೆ, ಬಲ ಭುಜದ ಮೇಲೊಮ್ಮೆ.
ಅವನಪ್ಪನನ್ನು ಮಣ್ಣು ಮಾಡುವಾಗ,
ಪಾದ್ರಿ ಬೆಂದ ಗೋಧಿಯ ಮೇಲೆ ವೈನ್ ಸುರಿಯುತ್ತಿದ್ದಾಗಲೂ
ತಿರುಗಿ ನೋಡಿದ, ಎರಡು ಸಲ.
ಹಿಂದೆ ನಾವಿದ್ದೆವು.
ಯಾರು ಎಲ್ಲಿ ಎಂದು ಗುರುತು ಮಾಡಿಕೊಂಡು
ಮತ್ತೆ ಮುಂದಕ್ಕೆ ತಿರುಗಿದ.

ಸಕ್ಕರೆ ಕಾರ್ಖಾನೆ ಮಾರಿದ ವರ್ಷ
ಸಂಬಳದ ಬದಲು ನಮಗೆಲ್ಲ ಮೂಟೆ ಸಕ್ಕರೆ ಕೊಟ್ಟರು.
ಮರುವರ್ಷ ಅವನನ್ನೂ ಮಾರಿದರು, ನೋವಿ ಸಾದಿಗೆ.
ಆ ದುಡ್ಡಿನಲ್ಲಿ ನನಗೊಂದು ಬಟ್ಟೆ ಒಗೆಯುವ ಮೆಷಿನ್ ಬಂತು;
ಮಿಕ್ಕದ್ದೆಲ್ಲಿ ಹೋಯಿತೋ
ಅಧ್ಯಕ್ಷರ ಹೊಸ ಕಾರಿಗೇ ಗೊತ್ತು.
ಹದಿನೇಳು ವರ್ಷ ತಿರುಗಿತು ಆ ಮೆಷಿನ್.
ಅವನೂ ತಿರುಗಿದ: ಬೆಲ್ಜಿಯಂನ ಎರಡನೇ ದರ್ಜೆ,
ಸೈಪ್ರಸ್ಸಿನಲ್ಲಿ ಐದು ತಿಂಗಳ ಬಾಕಿ,
ಆಮೇಲೆ ಕಜಕಸ್ತಾನದ ಕಲ್ಲಿದ್ದಲಿನ ಊರು.
ಅಲ್ಲಿಂದ ಒಂದು ರಾತ್ರಿ ಫೋನು,
"ಇಲ್ಲಿನವನು ಉಪ್ಪು ಬಿಡಿಸೋದೇ ಇಲ್ಲ, ಕುತ್ತಿಗೆ ಉರೀತದೆ.
ವಿನೆಗರ್ ಹಾಕು ಅಂತ ಯಾವ ಭಾಷೆಯಲ್ಲಿ ಹೇಳಲಿ?"

ಇಪ್ಪತ್ತಾರರಲ್ಲಿ, ಒಂದೇ ಒಂದು ಸಲ, ದೇಶದ ತಂಡ ಕರೆಯಿತು.
ಊರೆಲ್ಲ ರಾಂಕೊನ ಹೋಟೆಲಿನ ಟೀವಿಯ ಮುಂದೆ.
ಎಪ್ಪತ್ತನೇ ನಿಮಿಷಕ್ಕೆ ಎದ್ದ, ಗೆರೆಯಾಚೆ ಓಡಾಡಿದ,
ಮೇಲಂಗಿ ಬಿಚ್ಚಿದ. ನಾವು ಉಸಿರು ಹಿಡಿದೆವು.
ಅಷ್ಟರಲ್ಲಿ ಯಾರಿಗೋ ತೊಡೆ ಹಿಡಿಯಿತು,
ಕೋಚ್ ಮನಸ್ಸು ಬದಲಿಸಿದ,
ಅವನು ಮತ್ತೆ ಮೇಲಂಗಿ ತೊಟ್ಟು ಕೂತ.
ರಾಂಕೊ ಯಾರ ಹತ್ತಿರವೂ ಬಿಯರಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಬಂದು
ಆ ಕೆಂಪು ಅಂಗಿಯನ್ನು ನನ್ನ ಬುಟ್ಟಿಗೆ ಹಾಕಿದ.
ಮೂಸಿದೆ. ಅಂಗಡಿಯ ವಾಸನೆ.
"ತೊಳೆಯೋಕೆ ಇದರಲ್ಲಿ ಏನೂ ಇಲ್ಲವಲ್ಲೋ."
ಅನ್ನಬಾರದಿತ್ತು. ಅಂದುಬಿಟ್ಟೆ.
ಅವನು ನೆಲ ನೋಡಿ ನಕ್ಕ,
"ಆದರೂ ತೊಳಿ, ಅತ್ತೆ."
ತೊಳೆದೆ.
ವಿನೆಗರ್ ಹಾಕಿಯೇ ತೊಳೆದೆ.

ಮೂವತ್ತೇಳಕ್ಕೆ ವಾಪಸು ಬಂದ, ಒಂದು ಮಂಡಿ ಕಳೆದುಕೊಂಡು.
ಈಗ ನಾವು ಐದನೇ ದರ್ಜೆ. ಕಾರ್ಖಾನೆಯ ಚಿಮಣಿಯಲ್ಲಿ
ಕೊಕ್ಕರೆ ಗೂಡು ಕಟ್ಟಿದೆ.
ಅವನು ಹುಡುಗರಿಗೆ ಆಟ ಹೇಳಿಕೊಡುತ್ತಾನೆ,
ಅವರೋ ಗೋಲು ಹೊಡೆಯುವುದನ್ನು ಬಿಟ್ಟು ಬೇರೇನೂ ಕಲಿಯರು.
"ಹಿಂದೆ ನೋಡು! ಹಿಂದೆ!" ಅಂತ ಅರಚುವುದು
ಇಲ್ಲಿಯವರೆಗೆ ಕೇಳುತ್ತದೆ.

ಸಂಜೆ ನನ್ನ ಅಂಗಳಕ್ಕೆ ಬರುತ್ತಾನೆ.
ನಾನು ಹಗ್ಗಕ್ಕೆ ಅಂಗಿ ಹಾಕುತ್ತೇನೆ; ಬಗ್ಗಿದರೆ ಸೊಂಟ ಏಳುವುದಿಲ್ಲ,
ಕ್ಲಿಪ್ಪಿನ ಡಬ್ಬಿ ಅವನ ಕೈಯಲ್ಲಿ.
ಮಾತು ಕಡಿಮೆ.
ನಾಲ್ಕನೇ ನಂಬರು, ಹನ್ನೊಂದು, ಯಾರದೋ ಒಂಟಿ ಕಾಲುಚೀಲ.
ತಿರುಗಿ ನೋಡದೆ ನಾನು ಹಿಂದಕ್ಕೆ ಕೈ ಚಾಚುತ್ತೇನೆ,
ಕ್ಲಿಪ್ಪು ಆಗಲೇ ಬಂದಿರುತ್ತದೆ.