ಅರಿವಿ ಕಳೆದು

ಉಮದಿಯ ಬಾಜಾರದಲ್ಲಿ
ತಕ್ಕಡಿ ಮೋನಪ್ಪ ಅಂತಲೇ ಕೇಳಬೇಕಿತ್ತು.
ಬರೇ ಮೋನಪ್ಪ ಅಂದರೆ ನಾಲ್ಕು ಮನೆ ತೋರಿಸುತ್ತಿದ್ದರು.

ಬೇವಿನ ಕೆಳಗೆ ಗೋಣಿತಟ್ಟು, ಮೂರು ಅರ,
ಸೀಸ ಕರಗಿಸುವ ಕರೀ ಸೌಟು,
ಕೊಂಬೆಯಿಂದ ಇಳಿಬಿಟ್ಟ ಕೊಕ್ಕೆ.
ತಕ್ಕಡಿ ತೂಗುಹಾಕಿ, ಪರಡಿ ಎರಡೂ ಒರೆಸಿ
ಉಸಿರು ಹಿಡಿದು ಕೂಡುತ್ತಿದ್ದ ಅಪ್ಪ.
ಮುಳ್ಳು ನಿಲ್ಲುವ ತನಕ
ನಾವು ಮಾತಾಡುವಂತಿಲ್ಲ, ಸೀನುವಂತಿಲ್ಲ.
"ಗಾಳಿಗೂ ವಜನ ಐತಿ, ಸುಮ್ಮನಿರ್ರಿ."

ವರ್ಷಕ್ಕೊಮ್ಮೆ ಜತ್ತದಿಂದ ಸಾಹೇಬ ಬರುತ್ತಿದ್ದ,
ಮರಾಠಿಯಲ್ಲಿ ಗದರುತ್ತಿದ್ದ.
ಅಪ್ಪ ಕನ್ನಡದಲ್ಲಿ ತಲೆಯಾಡಿಸುತ್ತಿದ್ದ.
ಕಲ್ಲಿನ ತಳದ ತೂತಿಗೆ ಸೀಸದ ಹನಿ ಬಿಡುವಾಗ ಮಾತ್ರ
ಇಬ್ಬರೂ ಒಂದೇ ಭಾಷೆ:
ಬಸ್.

ನಾನು ಏಳು ತಿಂಗಳಿಗೇ ಹುಟ್ಟಿದವಳು.
ಸೂಲಗಿತ್ತಿ ಬಾಳವ್ವ ಮುಖ ತಿರುವಿದಳಂತೆ.
ಅಪ್ಪ ತಕ್ಕಡಿ ತೊಳೆದು, ಪರಡಿಯನ್ನು ಬೂದಿಗೆ ಕಾಸಿ
ಅವ್ವನ ಹಳೇ ಇಳಕಲ್ಲ ಸೀರೆಯ ತುಂಡು ಹಾಸಿ
ನನ್ನನ್ನಿಟ್ಟ.
ಒಂದು ಕಿಲೋ ಮುನ್ನೂರಾ ನಲವತ್ತು.
ಅರಿವಿ ಕಳೆದು.

ಮಿರಜದ ದವಾಖಾನೆಯಿಂದ ಹೊರಳಿ ತಂದ ಮೇಲೆ
ದಿನಾ ಹೊತ್ತು ಮೂಡುವ ಮೊದಲು
ಅದೇ ಪರಡಿ, ಅದೇ ಅರಿವಿ;
ಹಾಲಿನ ವಹಿಯ ಹಿಂದಿನ ಹಾಳೆಗಳಲ್ಲಿ
ಸೀಸದ ಕಡ್ಡಿಯ ಅಂಕಿ.
ಹತ್ತು ಗ್ರಾಂ ಇಳಿದ ದಿನ ಅವನು ಉಣ್ಣಲಿಲ್ಲ.
ಹದಿನೈದು ಏರಿದ ದಿನ ಅವ್ವನಿಗೆ ಮಿರ್ಚಿ ಭಜಿ ಕಟ್ಟಿಸಿ ತಂದ.
ಹೆಸರಿಡುವ ಮೊದಲೇ ಕರೆದ, ಗುಲಗಂಜಿ.
ಅಕ್ಕ ಕಸ್ತೂರಿಗೆ ಈಗಲೂ ಸಿಟ್ಟು:
"ನನ್ನ ಕಣ್ಣಾಗ ತೂಗಿದ, ನಿನ್ನ ಕಲ್ಲಿಟ್ಟು ತೂಗಿದ."

ಮಣ್ಣು ಕೊಟ್ಟು ಬಂದ ಮೂರನೆಯ ರಾತ್ರಿ
ಅವ್ವ ಹೇಳಿದ್ದು ಬೇರೆ.

ಮಿರಜದಲ್ಲಿ ಗಾಜಿನ ಪೆಟ್ಟಿಗೆಗೆ
ದಿನದ ಲೆಕ್ಕದಲ್ಲಿ ರೊಕ್ಕ ಕೇಳಿದ್ದರು.
ರಾಚೋಟಿ ಶೆಟ್ಟರ ಅಂಗಡಿಯ ಎರಡು ಕಿಲೋದ ಕಲ್ಲು
ಒಂದು ರಾತ್ರಿ ನಮ್ಮ ಮನೆಗೆ ಬಂತು.
ಮೇಲಿನ ಮುದ್ರೆ ಅಲುಗದಂತೆ ಒಳಗಿನಿಂದ
ನಲವತ್ತು ಗ್ರಾಂ ಸೀಸ ಕೊರೆದು ತೆಗೆದ ಅಪ್ಪ.
ಎಂಥ ಕೈ ಅವನದು!
ಸಾಹೇಬನ ಭೂತಗನ್ನಡಿಗೂ ಬೀಳಲಿಲ್ಲ.
ಆ ರೊಕ್ಕದಲ್ಲಿ ನಾನು ಉಸಿರಾಡಿದೆ
ಇಪ್ಪತ್ತೆರಡು ದಿನ.

ಮರುದಿನದಿಂದ ನಮ್ಮ ಜೋಳ, ಬೇಳೆ, ಬೆಲ್ಲ
ಎಲ್ಲಾ ಶೆಟ್ಟರ ಅಂಗಡಿಯಿಂದಲೇ.
ಹತ್ತು ಹೆಜ್ಜೆಗೆ ಬೇರೆ ಅಂಗಡಿ ಇತ್ತು.
"ಅಲ್ಲಿಂದನ ತಾ,
ಎರಡು ಕಿಲೋದ ಕಲ್ಲಿಲೇನ ತೂಗಸು"
ಅನ್ನುತ್ತಿದ್ದನಂತೆ, ಕಾರಣ ಹೇಳದೆ.

ಒಂದೂವರೆ ವರ್ಷ.
ಆಮೇಲೆ ರೊಕ್ಕ ಎಣಿಸಿ ಗಲ್ಲೆಯ ಮೇಲಿಟ್ಟು
ಕಲ್ಲು ಎತ್ತಿಕೊಂಡು ಬಂದ.
ಶೆಟ್ಟರು ಓಣಿಯ ತುದಿಯ ತನಕ ಬೈದರು.
ಅಪ್ಪ ಕರೀ ಸೌಟು ಒಲೆಯ ಮೇಲಿಟ್ಟ.

"ನಮಗ ಕಮ್ಮಿ ಬಿದ್ದದ್ದು ನಾವು ಉಂಡಿವಿ ಖರೆ,
ಊರ ಮಂದಿಗೆ ಬಿದ್ದದ್ದು ಯಾರು ತುಂಬತಾರ?
ಕೇಳಿದೆ ನಾನು.
ನಿದ್ದಿ ಹತ್ತಿದವರಂಗ ಮಾಡಿದರು"
ಅಂದಳು ಅವ್ವ, ಎಲೆಗೆ ಸುಣ್ಣ ಸವರುತ್ತ.

ಕೆಂಪು ಅಂಕಿಯ ತಕ್ಕಡಿ ಊರಿಗೆ ಬಂದಾಗ
ಅಪ್ಪ ಅದರೆದುರೂ ನಿಂತು ಉಸಿರು ಹಿಡಿದಿದ್ದ.
ಅದಕ್ಕೆ ಬೇಕಿರಲಿಲ್ಲ.

ಅರಗಳ ಪೆಟ್ಟಿಗೆಯ ತಳದಲ್ಲಿ ಸೀರೆಯ ತುಂಡು ಸಿಕ್ಕಿತು,
ದಾರದಲ್ಲಿ ಕಟ್ಟಿದ ಚೀಟಿ:
ಅರಿವಿ, ೬೫ ಗ್ರಾಂ.
ಮಡಚಿ ಒಯ್ದೆ ಶೆಟ್ಟರ ಮೊಮ್ಮಗನ ಅಂಗಡಿಗೆ.
ಮಷಿನ್ನು ಐವತ್ತೆಂಟು ತೋರಿಸಿತು.
ತೊಳೆದು ತೊಳೆದು ಸವೆದಿರಬೇಕು;
ಇಲ್ಲ, ಮಷಿನ್ನೇ ಸುಳ್ಳಿರಬೇಕು.
ನೋಡಿ ಹೇಳುವವನು ಬೇವಿನ ಕೆಳಗಿಲ್ಲ.

"ಮತ್ತೇನ ಕೊಡ್ಲಿ ಅಕ್ಕಾರ?" ಕೇಳಿದ ಹುಡುಗ.
ಬೆಲ್ಲ, ಅಂದೆ.
ಎರಡು ಕಿಲೋ.