ಜ್ವರಕ್ಕೆ ಕೂತ ಕಾರು

ಎಡಬಾಗಿಲ ಮೇಲೆ ಒಂದು ಗೀರು.
ಹಿಡಿಕೆಯಿಂದ ಹೊರಟು ಹಿಂದಿನ ಚಕ್ರದ ತನಕ,
ನಡುವೆ ಒಂದು ಕಡೆ ಕೈ ಎತ್ತಿ, ಮತ್ತೆ ಊರಿ.
ಆತುರದಲ್ಲಿ ಎಳೆದದ್ದಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಆಲ್ಟೊ, ಬೂದಿ ಬಣ್ಣ.
ಶಿಡ್ಲಘಟ್ಟದ ಗೂಡು ಮಾರುಕಟ್ಟೆ ಗೋಡೆಗೆ
ಬೆನ್ನು ಕೊಟ್ಟು ನಿಲ್ಲುತ್ತದೆ ರಾತ್ರಿಯೆಲ್ಲ;
ನಮ್ಮ ಗಲ್ಲಿಗೆ ಸ್ಕೂಟರೇ ಮೈ ಓರೆ ಮಾಡಿ ಬರಬೇಕು.
ಜಾವ ಐದಕ್ಕೆ ಹೊರಡುತ್ತೇನೆ ನಾನು,
ಸುತ್ತಲ ಹಳ್ಳಿಗಳ ಸಕ್ಕರೆ ಕಾಯಿಲೆಯವರ
ಖಾಲಿ ಹೊಟ್ಟೆಯ ರಕ್ತ ತರಲು.

ಬಸ್ ಸ್ಟ್ಯಾಂಡಿನ ಹಿಂದೆ ಇಮ್ದಾದನ ಅಂಗಡಿ.
"ಬ್ಯಾಟರಿ ಇರೋದು ಬೇಡ ಮೇಡಂ, ಏಪ್ರಿಲ್ ಬಿಸಿಲಿಗೆ
ಹಪ್ಪಳದ ಹಾಗೆ ಉಬ್ಬುತ್ತೆ. ಕೆಪಾಸಿಟರ್‌ದು ತಗೊಳ್ಳಿ.
ಮುಂದಕ್ಕೊಂದು ಸಾಕಾ, ಹಿಂದಕ್ಕೂ ಬೇಕಾ?"
ಹಿಂದೆ ಗೋಡೆ. ಗೋಡೆ ಏನು ಮಾಡೀತು.
"ಪಕ್ಕಕ್ಕೆ?" ಅಂದೆ.
ಪಕ್ಕಕ್ಕೆ ಬೇಕೆಂದರೆ ನಾಲ್ಕು ಕಣ್ಣಿನದಂತೆ,
ಆರ್ಡರ್ ಹಾಕಬೇಕಂತೆ,
ನಿಮ್ಮ ಕಾರಿನ ಕಾಲುಭಾಗದ ರೇಟು ಅಂತ ನಕ್ಕ.

ಆಮೇಲೆ ನಿದ್ದೆಯ ಮಾತು.
ನಿಂತ ಕಾರು ಎಷ್ಟು ಎಚ್ಚರ ಇರಬೇಕು?
ಕದಲಿದ್ದನ್ನೆಲ್ಲ ಹಿಡಿ ಅಂದರೆ
ನಾಯಿ, ಹೊಂಗೆಯ ನೆರಳು, ಗೂಡಿನ ಚೀಲದ ತಳ್ಳುಗಾಡಿ,
ಬೆಳಗಾಗುವಷ್ಟರಲ್ಲಿ ಕಾರ್ಡು ತುಂಬಿ
ಬಂದವನನ್ನು ಅಳಿಸಿ ನಾಯಿಯನ್ನು ಉಳಿಸಿಕೊಳ್ಳುತ್ತದೆ.
ಪೆಟ್ಟು ಬಿದ್ದರೆ ಮಾತ್ರ ಏಳು ಅಂದರೆ,
ಪೆಟ್ಟೆಂದರೆ ಎಷ್ಟು?
ಮೊಳೆಯ ಗೀರಿಗೆ ಕಾರು ಅಲುಗುವುದಿಲ್ಲ.
ಅಲುಗದೆ ಆಗುವ ಗಾಯಕ್ಕೆ ಸೆನ್ಸಾರ್ ಇಲ್ಲ ಎಂಬುದನ್ನು
ಅವನು ಸ್ಕ್ರೂ ಬಿಗಿಮಾಡುತ್ತಾ ಮಾಮೂಲಾಗಿ ಹೇಳಿದ.

ಅವನ ಮನೆಯವರು ನೂಲು ಬಿಚ್ಚಿದವರು,
ನಮ್ಮವರು ಹುಳ ಸಾಕಿದವರು.
"ಜ್ವರಕ್ಕೆ ಕೂತ ಹುಳ ನೋಡಿಲ್ವಾ,
ಮೇವು ಬಿಟ್ಟು, ಅಲ್ಲಾಡದೆ, ತಲೆ ಮಾತ್ರ ಎತ್ಕೊಂಡು.
ಹಂಗಿಡೋಣ."
ನೋಡಿದ್ದೇನೆ. ಆ ಹೊತ್ತು ಅಮ್ಮ
ದೀಪ ತಗ್ಗಿಸಿ, ತಟ್ಟೆ ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದಳು.

ಹಳದಿ ತಂತಿ ಸದಾ ಕರೆಂಟಿಗೆ, ಕೆಂಪು ಕೀಲಿಗೆ, ಕಪ್ಪು ತಗಡಿಗೆ.
ಹನ್ನೆರಡು ಪಾಯಿಂಟ್ ಎರಡಕ್ಕೆ ಇಳಿದರೆ
ಕಣ್ಣು ಮುಚ್ಚಿಬಿಡಲಿ ಅಂದೆ.
ಕಾದು ಕಾದು ತನ್ನನ್ನೇ ಬರಿದು ಮಾಡಿಕೊಂಡು
ಬೆಳಿಗ್ಗೆ ಏಳಲಾಗದವರ ತೋಳಿಗೆ
ನಾನು ದಿನಾ ಸೂಜಿ ಹಾಕುತ್ತೇನೆ.

ಅನುಮಾನ ಯಾರ ಮೇಲೆ ಅಂತ ಅವನು ಕೇಳಲಿಲ್ಲ.
ಮುನಿವೆಂಕಟಮ್ಮನ ಮೇಲೆ.
ನಾನು ನಿಲ್ಲಿಸುವ ಜಾಗದಲ್ಲಿ ಮೊದಲೊಂದು ಕಟ್ಟೆಯಿತ್ತು,
ಸೊಪ್ಪಿನ ಬುಟ್ಟಿ ಅಲ್ಲಿಳಿಸಿ ಅವಳು ಕೂರುತ್ತಿದ್ದಳು.
ಚರಂಡಿ ಮಾಡುವಾಗ ಕಟ್ಟೆ ಹೋಯಿತು, ಕಾರು ಬಂತು.
ಮೊದಲ ದಿನ ನೋಡಿ "ಬಂತಾ" ಅಂದಿದ್ದಳು,
ಅಷ್ಟೇ.

ಹನ್ನೊಂದು ರಾತ್ರಿ ಏನೂ ಇಲ್ಲ.
ಲಾರಿ ಹೋದ ನಡುಕ. ಬಾನೆಟ್ಟಿಗೆ ಹಾರಿದ ಬೆಕ್ಕು.
ಆಮೇಲೆ ಗುರುವಾರ, ನಾಲ್ಕು ಹನ್ನೆರಡಕ್ಕೆ,
ಇಪ್ಪತ್ತು ಸೆಕೆಂಡು:
ಗಾಜಿನ ತುಂಬ ದಂಟಿನ ಸೊಪ್ಪು.
ಅದರಾಚೆ ಉಬ್ಬಸ.
ನೀರು ತೊಟ್ಟಿಕ್ಕುವ ಒಂದು ಕೈ
ಎಮ್ಮೆಯ ಬೆನ್ನು ತಟ್ಟುವ ಹಾಗೆ ಬಾನೆಟ್ಟು ತಟ್ಟಿ,
ಗಾಜಿನಾಚೆಯಿಂದ, ಬಹಳ ಸಣ್ಣಗೆ,
"ಇರಪ್ಪಾ ಒಸಿ, ಉಸಿರು ಬರ್ಲಿ."
ಕೊನೆಗೆ ಸೊಪ್ಪು ಸರಿಸಿ ಇಣುಕಿದಳು,
ನೀಲಿ ದೀಪ ಕಂಡಳು,
ಸೆರಗು ಎಳೆದುಕೊಂಡಳು.

ಶುಕ್ರವಾರ ಇಲ್ಲ. ಶನಿವಾರ ಇಲ್ಲ.
ಗೀರು ಅವಳದೋ ಅಲ್ಲವೋ, ಬಾಗಿಲ ಕಡೆ ಕಣ್ಣಿಲ್ಲ.
ಅವಳದೇ ಇದ್ದೀತು.
ಗೀರಿದ ಕೈಯೇ ತಟ್ಟಿದ್ದೀತು.

ಸೋಮವಾರ, ರಕ್ತ ತೆಗೆದಾದ ಮೇಲೆ ಅಂಟಿಸುವ
ದುಂಡನೆಯ ಪಟ್ಟಿಯೊಂದನ್ನು ನೀಲಿ ದೀಪಕ್ಕೆ ಅಂಟಿಸಿದೆ.
ಬಾನೆಟ್ಟಿನ ಧೂಳು ಒರೆಸಿದೆ.
ಇಮ್ದಾದ ಫೋನು ಮಾಡಿ, ಸಿಕ್ಕಿದ್ರಾ ಅಂತ ಕೇಳಿದ.
ಕಾರ್ಡು ಚೆನ್ನಾಗಿ ಕೆಲಸ ಮಾಡ್ತಿದೆ ಅಂದೆ.