ಗಂಜಿಯ ಎಳೆ

ಬೆಟಗೇರಿಯ ಕುಣಿಮಗ್ಗದ ಮಗ್ಗುಲಿಗೆ
ನೂಲಿಗೆ ಹಚ್ಚಿ ಉಳಿದ ಗಂಜಿ,
ತಳ ಹತ್ತಿದ ಪಾತೇಲಿ.

ಮೊದಲು ಬಂದದ್ದು ಒಂದೇ ಇರವಿ.
ಹಾದಿ ತಪ್ಪಿದ ಹಾಗೆ ಅಡ್ಡಾಡಿ, ಮುಟ್ಟಿ ನೋಡಿ,
ಹೊಟ್ಟೆ ನೆಲಕ್ಕೊತ್ತುತ್ತ ಹೊರಟುಹೋಯಿತು.
ತುಳಜವ್ವ ನಾಕು ಕಂಡಿಕೆ ಸುತ್ತುವಷ್ಟರಲ್ಲಿ
ಗೋಡೆಬಿರುಕಿಂದ ಪಾತೇಲಿತನಕ
ಕರಿ ಎಳೆ.

ಒದ್ದೆ ಬೆರಳಿಂದ ಗೇಣುದ್ದ ಒರೆಸಿದಳು.
ಆ ಕಡೆಯವು ಆ ಕಡೆ, ಈ ಕಡೆಯವು ಈ ಕಡೆ
ಮೀಸೆ ಆಡಿಸಿದವು. ಹಿರಿಯರಿಲ್ಲ, ಪಂಚಾಯ್ತಿಯಿಲ್ಲ.
ಒಂದು ಬಳಸಿ ಬಂತು, ಇನ್ನೊಂದು ನೇರ.
ನೇರ ಬಂದದ್ದರ ಬೆನ್ನಿಗೇ
ವಾಸನೆ ಹುರಿಗೊಂಡಿತು.

"ಹರಿದ ಎಳೀಗೆ ಗಂಟು ಹಾಕಾಕ
ನನಗ ಇದಕ್ಕಿಂತ ಹೊತ್ತು ಹಿಡೀತೈತಿ"
ಕನ್ನಡಕ ಏರಿಸಿ ಅಂದಳು.
ಪಾತೇಲಿ ತೊಳೆಯಲಿಲ್ಲ ಅವತ್ತು.

ಸಂಜೆಗೆ ಗಂಜಿ ತೀರಿತು.
ಬರಿಗೈಲಿ ಮರಳಿದವು ಗುರುತು ಬಿಡಲಿಲ್ಲ;
ಎಳೆ ಸವೆದು, ಚುಕ್ಕಿಯಾಗಿ, ನೆಲವಾಯಿತು.
ಒಂದು ಮಾತ್ರ
ಖಣದ ಅಂಚು ಹತ್ತಿ ಹೊರಟಿತ್ತು
ಎತ್ತಲೋ.